ಜೊತೆಗಾರ ನುಂಗಿದ ನಲವತ್ತೊಂದು ಹಾಡು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬೈಂಡರ್ ಮಾವ ಗುಂಡಿ ಒತ್ತಿದರು. ಹೆಂಡತಿ ಹಾಡಲಿಲ್ಲ.

ಬದಲಿಗೆ ಟಿಣ್ ಟಿಣ್ ಟಿಣಿಣ್ ಎಂದು ಜಾಹೀರಾತಿನ ಸಂಗೀತ ಬಂತು. ಆಮೇಲೆ ಯಾವನೋ ಜೇನು ಸವರಿದ ದನಿಯಲ್ಲಿ, "ನಿಮ್ಮ ಹೊಸ ಪ್ಲೇಯರ್‌ಗೆ ಸ್ವಾಗತ!" ಎಂದ.

ಮಾವ ಇನ್ನೊಮ್ಮೆ ಒತ್ತಿದರು. ಸ್ವಾಗತ. ಮುಂದಿನ ಹಾಡಿಗೆ ಚಕ್ರ ತಿರುಗಿಸಿದರು. ಮತ್ತೆ ಅವನೇ. ಮತ್ತೆ ಸ್ವಾಗತ.

ಕನ್ನಡಕ ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ಹಿಡಿದರು. ಶನಿವಾರದವರೆಗೆ ಅಲ್ಲಿ ನಲವತ್ತೊಂದು ಎಂದಿತ್ತು. ಈಗ ಒಂದು.

ಅಂಟಿನ ಕುಂಚ ಕೈಯಿಂದ ಜಾರಿ ಹೊಸ ಪುಸ್ತಕದ ರಟ್ಟಿನ ಮೇಲೆ ಬಿತ್ತು. ನಲವತ್ತು ವರ್ಷದ ಕೆಲಸದಲ್ಲಿ ಮಾವ ರಟ್ಟು ಕೆಡಿಸಿದ್ದು ಅದೇ ಮೊದಲು.

"ನನ್ನವಳು ಎಲ್ಲಿ?" ಎಂದರು.

ಮುದ್ರಣಾಲಯದಲ್ಲಿ ಎಲ್ಲರ ಕೈ ನಿಂತಿತು. ಮೆಷಿನ್ ಕೂಡ ನಿಂತಿತು.

ಪ್ಲೇಯರ್ ಸಾಬೂನಿನ ಬಿಲ್ಲೆಯಷ್ಟು ದಪ್ಪ. ನಡುವೆ ಒಂದು ಚಕ್ರ. ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತಿತ್ತು. ಜೇಬಿನೊಳಗೇ ಹೆಬ್ಬೆರಳು ಆಡಿಸಿ ಬೇಕಾದ ಹಾಡಿಗೆ ಹೋಗಬಹುದಿತ್ತು, ಕಣ್ಣು ಬೇಕಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅದನ್ನು ಮಾಡಿದ ಕಂಪನಿ ತನ್ನ ಬಳಕೆಯ ಕೈಪಿಡಿಯನ್ನು ಇಲ್ಲೇ ಅಚ್ಚು ಹಾಕಿಸಿತ್ತು. ಕೆಲಸ ಮೆಚ್ಚಿ ಒಂದು ಪ್ಲೇಯರ್ ಕೊಟ್ಟು ಹೋಗಿತ್ತು. ಕೈಪಿಡಿಯ ಹಾಳೆಗಳನ್ನು ಮಡಿಸಿದವರು ಮಾವನ ಹೆಂಡತಿ. ಮಡಿಸುತ್ತ ಹಾಡುವುದು ಅವರ ಚಾಳಿ. ಕೇಳಿದ ಹಾಡಲ್ಲ, ಅವರೇ ಕಟ್ಟಿದ್ದು. ಒಂದು ಮಡಿಕೆಗೆ ಒಂದು ಸಾಲು. ಪ್ಲೇಯರ್‌ನಲ್ಲಿ ದನಿ ಹಿಡಿಯುವ ಗುಂಡಿಯೂ ಇತ್ತು. ಮಾವ ಅದನ್ನು ಹಾಳೆಯ ಕಟ್ಟಿನ ಹಿಂದೆ ಬಚ್ಚಿಟ್ಟು ಒತ್ತುತ್ತಿದ್ದರು. ಗೊತ್ತಾದರೆ ಆಕೆ ಬಾಯಿ ಮುಚ್ಚಿಬಿಡುತ್ತಿದ್ದರು.

ಆಕೆ ತೀರಿಕೊಂಡು ಆರು ವರ್ಷ. ಅಂದಿನಿಂದ ದಿನಾ ಹತ್ತಕ್ಕೆ ಆ ದನಿ ಹೊರಡುತ್ತಿತ್ತು. ಆ ದನಿಗೆ ಕೈ ಆಡಿಸುತ್ತ ಎಲ್ಲರ ಕೆಲಸ ಹೊರಡುತ್ತಿತ್ತು. ಪ್ರಪಂಚದಲ್ಲಿ ಆ ಹಾಡುಗಳು ಇದ್ದದ್ದು ಅದೊಂದೇ ಕಡೆ.

* * *

"ಇದರಲ್ಲಿ ಪತ್ತೆ ಮಾಡೋದು ಏನಿದೆ?" ಎಂದರು ಯಜಮಾನರು. ತಮ್ಮ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಗಿತ್ತು. "ಕಂಪ್ಯೂಟರ್‌ಗೆ ಹಾಕಿ ಎಡವಟ್ಟು ಮಾಡೋಳು ಇಲ್ಲಿ ಒಬ್ಬಳೇ ಇರೋದು."

ಎಲ್ಲರ ಕತ್ತು ಒಟ್ಟಿಗೆ ತಿರುಗಿತು.

ಅಕ್ಷರ ಜೋಡಿಸುವ ಹುಡುಗಿ ಬಾಗಿಲ ಬಳಿ ಬ್ಯಾಗನ್ನೂ ಇಳಿಸದೆ ನಿಂತಿದ್ದಳು. ಇಪ್ಪತ್ತಮೂರು ವಯಸ್ಸು. ದಿನವಿಡೀ ಕೀಲಿಮಣೆ ಕುಟ್ಟುವುದರಿಂದ ಎಲ್ಲರ ಬಾಯಲ್ಲಿ ಅವಳು ಕೀಲಿಮಣಿ. ಹೋದ ತಿಂಗಳು, "ಮಾವ, ಇವನ್ನೆಲ್ಲ ಫೋನಿಗೆ ಹಾಕ್ಕೊಡ್ತೀನಿ, ಈ ಮುದುಕ ಯಾವಾಗ ಗೊಟಕ್ ಅಂತಾನೋ ಗೊತ್ತಿಲ್ಲ," ಎಂದು ಪ್ಲೇಯರನ್ನು ಕಂಪ್ಯೂಟರಿಗೆ ಜೋಡಿಸಿದ್ದವಳು ಅವಳೇ. ಆಗಲಿಲ್ಲ. ವಾಪಸ್ ಕೊಟ್ಟಿದ್ದಳು. ಅದು ಎಲ್ಲರಿಗೂ ಗೊತ್ತಿತ್ತು.

"ನಾನು ಮುಟ್ಟಿಲ್ಲ," ಎಂದಳು. "ಅವತ್ತಿಂದ ಮುಟ್ಟೇ ಇಲ್ಲ."

"ಶನಿವಾರ ಸಂಜೆ ಮತ್ತೆ ಕೈ ಹಾಕಿದೀಯ. ಅದು ಕೇಳಿದ ಕೂಡಲೇ ಹಿಂದೆ ಮುಂದೆ ನೋಡದೆ 'ಹೌದು' ಒತ್ತಿದೀಯ. ಓದೋ ತಾಳ್ಮೆ ಎಲ್ಲಿದೆ ಈಗಿನೋರಿಗೆ?"

"ಸರ್, ಆಣೆಗೂ—"

"ಸಂಜೆ ಐದಕ್ಕೆ ಬ್ಯಾಗ್ ತಗೊಂಡು ಹೊರಡು. ನಾಳೆಯಿಂದ ಬರೋದು ಬೇಡ." ಯಜಮಾನರು ಗೋಡೆಯ ಕಡೆ ತಿರುಗಿದರು. "ಪ್ಲೇಯರ್ ಇವತ್ತೇ ಅಂಗಡಿಗೆ ಕಳಿಸ್ತೀನಿ. ಐನೂರು ಹಳೇ ಹಾಡು ತುಂಬಿಸಿ ಕೊಡ್ತೀನಿ ಅಂತ ಅವರಿಗೆ ಹೇಳಿ."

'ಅವರು' ಎಂದರೆ ನಾಲ್ಕು ಮಾರು ದೂರದಲ್ಲಿ ನಿಂತಿದ್ದ ಬೈಂಡರ್ ಮಾವ. ಸಂಬಂಧದಲ್ಲಿ ಯಜಮಾನರ ಭಾವ. ತೀರಿಹೋದಾಕೆ ಯಜಮಾನರ ಒಡಹುಟ್ಟಿದ ಅಕ್ಕ. ಆಕೆ ಹಾಸಿಗೆ ಹಿಡಿದಾಗ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದು ತಮ್ಮ, ಮನೆಯಲ್ಲೇ ಇರುತ್ತೇನೆಂದು ಆಕೆ, ಆಕೆಯ ಮಾತೇ ಆಗಲಿ ಎಂದು ಗಂಡ. ಆರು ವರ್ಷದಿಂದ ಭಾವ ಭಾವಮೈದುನರ ನಡುವೆ ಒಂದು ನೇರ ಮಾತಿಲ್ಲ. ಇಬ್ಬರ ಮಾತಿಗೂ ಗೋಡೆಯೇ ಅಂಚೆ.

"ತುಂಬಿಸಬೇಡಿ!" ಎಂದು ಕೀಲಿಮಣಿ ಚೀರಿದಳು. "ಏನನ್ನೂ ತುಂಬಿಸಬೇಡಿ, ದಮ್ಮಯ್ಯ!"

"ನಿನ್ನ ಮಾತು ಸಾಕು."

ಆಗ ಕಿಟಕಿಯ ಪಕ್ಕದ ಮೇಜಿನಿಂದ ಒಬ್ಬ ಹೆಂಗಸು ಎದ್ದಳು. ಬಂದು ಮಾವನ ಕೈಯಿಂದ ಪ್ಲೇಯರ್ ಬಿಡಿಸಿಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ಐದರವರೆಗೆ ಇದು ನನ್ನ ಹತ್ರ ಇರಲಿ," ಎಂದಳು. "ಕರಡು ನೋಡದೆ ಯಾವುದನ್ನಾದ್ರೂ ಅಚ್ಚಿಗೆ ಕಳಿಸಿದ್ದು ಉಂಟಾ ಇಲ್ಲಿ?"

ಅವಳೇ ಕರಡಕ್ಕ. ಮೂವತ್ತು ವರ್ಷದಿಂದ ಕರಡು ತಿದ್ದುವವಳು. ಎದುರಿಗೆ ಕರಡಕ್ಕ, ಬೆನ್ನ ಹಿಂದೆ ಕರಡಿಯಕ್ಕ. ತಪ್ಪಿದ ಒಂದು ಒತ್ತಕ್ಷರವನ್ನು ಬಾಗಿಲಾಚೆಯಿಂದಲೇ ಹಿಡಿಯುತ್ತಾಳೆ ಎಂಬುದು ಪ್ರತೀತಿ. ಯಜಮಾನರಿಗೂ ಅವಳೆಂದರೆ ಒಂದು ಗುಲಗಂಜಿ ಭಯ.

"ಐದರವರೆಗೆ," ಎಂದು ಅವರು ಬಾಗಿಲು ಹಾಕಿಕೊಂಡರು.

* * *

"ಅಳಬೇಡ. ಅತ್ತರೆ ಅಕ್ಷರ ಕಾಣಲ್ಲ," ಎಂದಳು ಕರಡಕ್ಕ. "ತುಂಬಿಸಬೇಡಿ ಅಂದೆಯಲ್ಲ, ಯಾಕೆ?"

ಕೀಲಿಮಣಿ ಮೂಗು ಒರೆಸಿಕೊಂಡಳು. "ಅಕ್ಕ, ಅಳಿಸೋದು ಅಂದ್ರೆ ಪೂರ್ತಿ ಹೋಗೋದಲ್ಲ. ಗ್ರಂಥಾಲಯದಲ್ಲಿ ಪುಸ್ತಕದ ಚೀಟಿ ಕಿತ್ತಂಗೆ. ಪುಸ್ತಕ ಅಲ್ಲೇ ಕಪಾಟಲ್ಲಿ ಇರುತ್ತೆ. ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ, ಅಷ್ಟೇ. ಆ ಜಾಗದಲ್ಲಿ ಹೊಸ ಪುಸ್ತಕ ತಂದಿಟ್ರೆ ಮಾತ್ರ ಹಳೇದು ಹೋಗುತ್ತೆ."

"ಐನೂರು ಹಾಡು ತುಂಬಿಸಿದ್ರೆ?"

"ಮಾವನ ಹೆಂಡ್ತಿ ಎರಡನೇ ಸಲ ಸತ್ತಂಗೆ."

ಕರಡಕ್ಕ ಗೋಡೆ ಗಡಿಯಾರ ನೋಡಿದಳು. ಹತ್ತೂವರೆ.

"ತೆಗಿ ಆ ಕಂಪ್ಯೂಟರ್."

ಹಳೆಯ ಕಂಪ್ಯೂಟರ್. ಅದರ ಒಳಗಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಪ್ರತಿ ಸಲ ಆನ್ ಮಾಡಿದಾಗಲೂ ತಾನು ಹುಟ್ಟಿದ ದಿನಕ್ಕೆ ಹೋಗಿ ಕೂರುತ್ತಿತ್ತು. ಯಾರು ಯಾವಾಗ ಏನು ಮಾಡಿದರು ಎಂದು ಅದನ್ನು ಕೇಳಿ ಪ್ರಯೋಜನವಿರಲಿಲ್ಲ. ಅದರಲ್ಲಿತ್ತು ಆ ತಂತ್ರಾಂಶ. ಪ್ಲೇಯರ್‌ಗೆ ಹಾಡು ಹಾಕಬೇಕಾದರೆ ಅದರ ಮೂಲಕವೇ ಹಾಕಬೇಕು. ಕಂಪನಿ ಅದಕ್ಕಿಟ್ಟ ಹೆಸರು 'ಜೊತೆಗಾರ'.

"ಹೆಸರು ಜೊತೆಗಾರ, ಬುದ್ಧಿ ದಾಯಾದಿಯದು," ಎಂದಳು ಕೀಲಿಮಣಿ.

ಜೊತೆಗಾರ ಎಚ್ಚರವಾಗಲು ಏಳು ನಿಮಿಷ ತೆಗೆದುಕೊಂಡ. ಎದ್ದ ಮೇಲೆ ಹೊಸ ಆವೃತ್ತಿ ಬೇಕೆಂದ. ಮುಳುಗಿಹೋದ ಕಂಪನಿಯ ಬಾಗಿಲು ತಟ್ಟಿ ತಟ್ಟಿ ಮೂರು ನಿಮಿಷ ಕಾದ. ಯಾರೂ ಇಲ್ಲವೆಂದು ಗೊತ್ತಾದ ಮೇಲೆ ನೋಂದಣಿ ಸಂಖ್ಯೆ ಕೇಳಿದ. ಕೊಟ್ಟರೆ ತಪ್ಪು ಎಂದ. ಅದೇ ಸಂಖ್ಯೆ ಮತ್ತೆ ಕೊಟ್ಟರೆ ಸರಿ ಎಂದ.

"ಇಂಥ ಚಂದದ ಪ್ಲೇಯರ್‌ಗೆ ಇಂಥವನನ್ನ ಗಂಟು ಹಾಕಿದಾರಲ್ಲ!" ಎಂದಳು ಕರಡಕ್ಕ.

"ಇನ್ನೂ ಕೇಳಿ. ಹಾಡು ಒಳಗೆ ಹಾಕೋಕೆ ಬಿಡ್ತಾನೆ, ಹೊರಗೆ ತಗೊಳ್ಳೋಕೆ ಬಿಡಲ್ಲ. ಪ್ಲೇಯರ್ ಜೋಡಿಸಿದ ಕೂಡಲೇ ಒಂದು ಪೆಟ್ಟಿಗೆ ಬರುತ್ತೆ. 'ಎರೇಸ್' ಒಂದು, 'ಕ್ಯಾನ್ಸಲ್' ಒಂದು. ಎರೇಸ್ ಒತ್ತಿದ್ರೆ ಇರೋದೆಲ್ಲ ಒರೆಸಿ ತನ್ನ ಹತ್ರ ಇರೋದನ್ನ ತುಂಬುತ್ತಾನೆ. ಇವನ ಹತ್ರ ಇರೋದು ಅದೊಂದೇ ಸ್ವಾಗತ. ನಾನು ಹೋದ ತಿಂಗಳು ಎರಡು ಸಲ ಕ್ಯಾನ್ಸಲ್ ಒತ್ತಿ ಓಡಿ ಬಂದೆ. ಹುಲಿ ಬಾಯಿಂದ ಬಂದಂಗಾಯ್ತು."

ಅಷ್ಟರಲ್ಲಿ ಪರದೆ ತುಂಬ ಜೊತೆಗಾರ ತೆರೆದುಕೊಂಡ. ಕೀಲಿಮಣಿಯ ಬಾಯೂ ತೆರೆದುಕೊಂಡಿತು.

"ಅಕ್ಕ! ಇದು ಕನ್ನಡದಲ್ಲಿದೆ!"

"ಇರಬಾರದಾ?"

"ನಾನು ಇಂಗ್ಲಿಷ್‌ನಲ್ಲಿ ಇಟ್ಟಿದ್ದೆ. ಅಲ್ಲಿ ಮೂಲೆಯಲ್ಲಿ ಬಾವುಟದಂಥ ಗುಂಡಿ ಇದೆಯಲ್ಲ, ಅದನ್ನ ಒತ್ತಿದ್ರೆ ಬದಲಾಗುತ್ತೆ. ನಾನು ಒಂದ್ಸಲಾನೂ ಒತ್ತಿಲ್ಲ. ಇದರ ಕನ್ನಡದಲ್ಲಿ ಏನೇನು ಬರೆದಿದೆಯೋ ನಂಗೆ ಗೊತ್ತೇ ಇಲ್ಲ."

"ಆ ಪೆಟ್ಟಿಗೆ ಕನ್ನಡದಲ್ಲಿ ಏನು ಕೇಳುತ್ತೆ?"

"ಪ್ಲೇಯರ್ ಜೋಡಿಸಿದ್ರೆ ಮಾತ್ರ ಕಾಣುತ್ತೆ. ಈಗ ಜೋಡಿಸೋ ಧೈರ್ಯ ನನಗಂತೂ ಇಲ್ಲ. ಮೇಲಾಗಿ ಅದರ ವೈರೇ ಕಾಣ್ತಿಲ್ಲ. ನನ್ನ ಖಾನೆಯಲ್ಲೇ ಇಟ್ಟಿದ್ದೆ. ಅಗಲ ಮೂತಿಯ ವೈರ್. ಊರಿಗೆಲ್ಲ ಅದೊಂದೇ."

ಕರಡಕ್ಕ ಖಾನೆ ಎಳೆದಳು. ಪಿನ್ನು, ಬಾಚಣಿಗೆ, ಅರ್ಧ ತಿಂದ ಬಿಸ್ಕತ್ತು. ವೈರ್ ಇರಲಿಲ್ಲ.

* * *

ವೈರ್ ಸಿಕ್ಕಿದ್ದು ಮೆಷಿನ್ ಕೋಣೆಯಲ್ಲಿ. ಸಲಕರಣೆಯ ಪೆಟ್ಟಿಗೆಯ ತಳದಲ್ಲಿ, ಶಾಯಿ ಒರೆಸುವ ಬಟ್ಟೆಯಲ್ಲಿ ಸುತ್ತಿತ್ತು.

ಮೆಷಿನ್ ನಡೆಸುವವನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ಸದ್ದಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಕೂಗುವ ಮನುಷ್ಯ. "ಆ ಹಾಡು ನಿಲ್ಸ್ರಪ್ಪ, ಮೆಷಿನ್ ಕೆಮ್ಮಿದ್ರೂ ಕೇಳಲ್ಲ ನಂಗೆ," ಎಂದು ವಾರಕ್ಕೊಮ್ಮೆಯಾದರೂ ಜಗಳ ತೆಗೆಯುತ್ತಿದ್ದ.

"ಇದೇನು?" ಕರಡಕ್ಕ ವೈರನ್ನು ಹಾವಿನ ಹಾಗೆ ಎತ್ತಿ ಹಿಡಿದಳು.

ಗುಡುಗಣ್ಣ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ. "ವೈರು."

"ನಿನ್ನ ಪೆಟ್ಟಿಗೆಗೆ ನಡ್ಕೊಂಡು ಬಂತಾ?"

"ನಾನೇ ಇಟ್ಟೆ."

"ಹಾಡಿನ ಕಾಟ ತಪ್ಪಲಿ ಅಂತ ಅಳಿಸಿದೆಯಾ?"

"ಥೂ! ಬಿಡ್ತು ಅನ್ನು!" ಗುಡುಗು ವಾಪಸ್ ಬಂತು. "ಜಗಳ ಆಡೋದು ಬೇರೆ, ಅದು ಬೇರೆ. ಆ ಹಾಡಿಲ್ದೆ ಇವತ್ತು ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದಿದೀನಿ, ನೋಡು ಬೇಕಾದ್ರೆ!"

"ಮತ್ತೆ ಯಾಕೆ ಬಚ್ಚಿಟ್ಟೆ?"

ಗುಡುಗಣ್ಣ ಆಚೀಚೆ ನೋಡಿದ. "ಏಳು ಗಂಟೆಗೆ ನಾನೇ ಮೊದಲು ಬಂದಿದ್ದು. ಹುಡುಗಿ ಕಂಪ್ಯೂಟರ್ ಬೆನ್ನಿಂದ ಇದು ಜೋತಾಡ್ತಿತ್ತು. ಪ್ಲೇಯರ್ ಮಾವನ ಮೇಜಿನ ಡಬ್ಬದಲ್ಲಿತ್ತು. ಆಗ ಏನೂ ಅನ್ನಿಸ್ಲಿಲ್ಲ. ಹತ್ತಕ್ಕೆ ಆ ಸ್ವಾಗತ ಬಂತಲ್ಲ, ಮಾವ ಹಂಗೆ ಕೇಳಿದ್ರಲ್ಲ, ಎದೆ ಧಸಕ್ ಅಂತು. ಹುಡುಗಿ ಏನೋ ಅಪ್ಪಿತಪ್ಪಿ ಮಾಡಿದಾಳೆ ಅಂದ್ಕೊಂಡೆ. ಚಿಕ್ಕ ಹುಡುಗಿ. ಯಜಮಾನ್ರು ಬರೋದ್ರೊಳಗೆ ಕಿತ್ತು ಇಟ್ಟೆ."

"ಅವಳನ್ನ ಉಳಿಸೋಕೆ ಹೋಗಿ ಅವಳನ್ನೇ ಮುಳುಗಿಸ್ತಿದ್ದೆ. ಶನಿವಾರ ಬೀಗ ಹಾಕಿದ್ದು ಯಾರು?"

"ನಾನೇ."

"ಆಗ ವೈರ್ ಜೋತಾಡ್ತಿತ್ತಾ?"

"ಇಲ್ಲ. ಆ ಕಂಪ್ಯೂಟರ್ ಬೆನ್ನಿನ ಸ್ವಿಚ್ ದಿನಾ ನಾನೇ ಆರಿಸೋದು. ವೈರ್ ಇದ್ದಿದ್ರೆ ಕೈಗೆ ಸಿಗ್ತಿತ್ತು."

"ಕೀಲಿಮಣಿ ಹತ್ರ ಬೀಗದ ಕೈ ಇದೆಯಾ?"

"ಅವಳ ಹತ್ರ ಎಲ್ಲಿಂದ? ನನ್ನ ಹತ್ರ ಒಂದು, ಮಾವನ ಹತ್ರ ಒಂದು, ಯಜಮಾನ್ರ ಹತ್ರ ಒಂದು." ಹೇಳಿ ಮುಗಿಸಿದ ಮೇಲೆ ಗುಡುಗಣ್ಣನಿಗೆ ತಾನು ಹೇಳಿದ್ದು ಅರ್ಥವಾಯಿತು. "ಅಂದ್ರೆ ಭಾನುವಾರ..."

"ಕೂಗಬೇಡ," ಎಂದಳು ಕರಡಕ್ಕ. "ಕಂಪ್ಯೂಟರ್‌ನಲ್ಲಿ ಒಂದು ಪೆಟ್ಟಿಗೆ ಬರುತ್ತಂತೆ. ಅದು ಏನು ಕೇಳುತ್ತೆ, ಗೊತ್ತಾ ನಿಂಗೆ?"

"ಯಾವ ಪೆಟ್ಟಿಗೆ? ಪೆಟ್ಟಿಗೆ ಯಾಕೆ ಕೇಳುತ್ತೆ?"

"ಸರಿ. ಹೋಗು, ಹಾಳೆ ಹರಿ."

* * *

ಮಾವ ಮಡಿಸುವ ಮೇಜಿನ ಮುಂದೆ ಕೂತಿದ್ದರು. ಮೂಳೆಯ ಮಡಿಸುಪಟ್ಟಿ ಕೈಯಲ್ಲಿತ್ತು. ಅದರಿಂದ ಒಂದು ಖಾಲಿ ಹಾಳೆಯ ಒಂದೇ ಮಡಿಕೆಯನ್ನು ಉಜ್ಜುತ್ತಲೇ ಇದ್ದರು.

"ಮಾವ, ಒಂದು ಮಾತು. ಬ್ಯಾಟರಿ?"

"ಶನಿವಾರ ಸಂಜೆ ಪೂರ್ತಿ ಸತ್ತಿತ್ತು. ಸೋಮವಾರ ಗೋಡೆಗೆ ಸಿಕ್ಕಿಸಿ ಜೀವ ಬರಿಸೋದು ರೂಢಿ. ಇವತ್ತು ನೋಡಿದ್ರೆ ತುಂಬಿತ್ತು. ನನ್ನ ಮರೆವು ಅಂದ್ಕೊಂಡೆ."

"ಕಂಪ್ಯೂಟರ್‌ಗೆ ಜೋಡಿಸಿದ್ರೂ ತುಂಬುತ್ತಂತೆ."

"ಏನೋಮ್ಮ." ಮಡಿಸುಪಟ್ಟಿ ನಿಂತಿತು. "ಆ ಹುಡುಗೀನ ಕಳಿಸಬೇಡಿ ಅಂತ ಅವನಿಗೆ ಹೇಳು. ತಪ್ಪಾಗಿ ಮಾಡಿದ್ರೂ ಪರವಾಗಿಲ್ಲ. ಹಾಡು ಹೋಯ್ತು ಅಂತ ಅನ್ನಾನೂ ಹೋಗ್ಬೇಕಾ ಅವಳದು?"

"ಅವಳಲ್ಲ, ಮಾವ."

ಮಾವ ಯಾರು ಎಂದು ಕೇಳಲಿಲ್ಲ. ಹಾಳೆ ಬಿಚ್ಚಿ, ಅದೇ ಗೆರೆಯ ಮೇಲೆ ಮತ್ತೆ ಮಡಿಸಿದರು.

"ಆರು ವರ್ಷದಲ್ಲಿ ಒಂದು ದಿನವೂ ನೀವು ಅದನ್ನ ಬೇರೆಯವರ ಕೈಗೆ ಕೊಟ್ಟಿದ್ದು ನೆನಪಿಲ್ಲ ನಂಗೆ," ಎಂದಳು ಕರಡಕ್ಕ. "ಹೋದ ತಿಂಗಳು ಹುಡುಗಿಗೆ ಕೊಟ್ಟಿರಿ. ಅಷ್ಟೇ."

"ಬೇರೆಯವರು ಕೇಳೂ ಇಲ್ಲ."

"ಕೇಳೋಕೆ ಬಿಟ್ಟಿದ್ರಾ?"

ಮಾವ ಮತ್ತೆ ಮಡಿಕೆ ಉಜ್ಜತೊಡಗಿದರು.

* * *

ಆ ಮುದ್ರಣಾಲಯದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಕೆಲಸದ ಕೊನೆಯ ಕರಡನ್ನು ಕಟ್ಟಿ ಅಟ್ಟಕ್ಕೆ ಹಾಕುವುದು. ನಾಳೆ ಯಾರಾದರೂ ತಪ್ಪು ಎಂದು ಬಂದರೆ, ತಪ್ಪು ಯಾರದ್ದೆಂದು ನೋಡಲು. ಕರಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು. ಧೂಳಿಗೆ ಹನ್ನೊಂದು ಸಲ ಸೀನಿದಳು. ಕೆಳಗೆ ಏಣಿ ಹಿಡಿದಿದ್ದ ಕೀಲಿಮಣಿ ಎಣಿಸಿದಳು.

ಹದಿನಾಲ್ಕು ವರ್ಷದ ಹಿಂದಿನ ಕಟ್ಟು. ಪ್ಲೇಯರ್‌ನ ಕೈಪಿಡಿ. ಕಂಪನಿಯವರು ಆಗ ಪರದೆಯ ಮೇಲೆ ಬರುವ ಕನ್ನಡ ಮಾತುಗಳನ್ನೂ ಇಲ್ಲೇ ತಿದ್ದಿಸಿಕೊಂಡಿದ್ದರು. ಕೊನೆಯ ಪುಟದಲ್ಲಿ ಅವುಗಳ ಪಟ್ಟಿ.

"ಸಿಕ್ತಾ ಅಕ್ಕ? ಪೆಟ್ಟಿಗೆ ಏನು ಕೇಳುತ್ತೆ?"

ಮೇಲೆ ಹಾಳೆ ಸರಿದ ಸದ್ದು.

"ಅಕ್ಕ?"

ಕರಡಕ್ಕ ಬಹಳ ಹೊತ್ತಿನ ಮೇಲೆ ಇಳಿದಳು. ಕೈಯಲ್ಲಿ ಒಂದೇ ಹಾಳೆ. ಮುಖ ಅದೇ ಹಾಳೆಯಷ್ಟು ಬಿಳುಪು.

"ನೀರು ಕೊಡು," ಎಂದಳು. "ಎಲ್ಲರನ್ನೂ ಮಡಿಸೋ ಮೇಜಿನ ಹತ್ರ ಕರಿ. ಯಜಮಾನ್ರನ್ನೂ."

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

* * *

ಮೇಜಿನ ಮೇಲೆ ಕರಡಕ್ಕ ಮೂರು ವಸ್ತು ಇಟ್ಟಳು. ಪ್ಲೇಯರ್, ವೈರ್, ಮಗುಚಿ ಹಾಕಿದ ಒಂದು ಹಾಳೆ.

"ಅಂಗಡಿಗೆ ಹೊತ್ತಾಯ್ತು," ಎಂದರು ಯಜಮಾನರು.

"ಅಂಗಡಿ ಎಲ್ಲೂ ಓಡಿಹೋಗಲ್ಲ. ಶನಿವಾರ ಗುಡುಗಣ್ಣ ಬೀಗ ಹಾಕಿದಾಗ ಈ ವೈರ್ ಕಂಪ್ಯೂಟರ್‌ನಲ್ಲಿ ಇರ್ಲಿಲ್ಲ. ಇವತ್ತು ಏಳಕ್ಕೆ ಬೀಗ ತೆಗೆದಾಗ ಇತ್ತು. ಸತ್ತಿದ್ದ ಬ್ಯಾಟರಿ ತುಂಬಿತ್ತು. ಅಂದ್ರೆ ಭಾನುವಾರ ಯಾರೋ ಬೀಗದ ಕೈ ಇದ್ದವರೇ ಬಂದಿದ್ರು. ಕೀಲಿಮಣಿ ಹತ್ರ ಕೀಲಿಮಣೆ ಇದೆ, ಕೀಲಿ ಇಲ್ಲ."

ಗುಡುಗಣ್ಣ ಪಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡ.

"ಹಾಗಾದ್ರೆ ಇವನೇ," ಎಂದರು ಯಜಮಾನರು. ಗುಡುಗಣ್ಣನ ನಗು ಅಲ್ಲೇ ಒಣಗಿತು.

"ಅಳಿಸಿದವನು ವೈರನ್ನ ಬೆಳಿಗ್ಗೆವರೆಗೆ ಜೋತಾಡೋಕೆ ಬಿಟ್ಟು ಆಮೇಲೆ ಬಚ್ಚಿಡ್ತಾನಾ? ಆಗಲೇ ಕಿತ್ಕೊಂಡು ಹೋಗ್ತಾನೆ. ಹೆದರಿ ಎದ್ದು ಓಡಿದವರು ಮಾತ್ರ ವೈರ್ ಮರೀತಾರೆ." ಕರಡಕ್ಕ ಕನ್ನಡಕ ಒರೆಸಿಕೊಂಡಳು. "ಬೆಳಿಗ್ಗೆ ನೀವು ಒಂದು ಮಾತು ಅಂದ್ರಿ. ಅದು ಕೇಳಿದ ಕೂಡಲೇ 'ಹೌದು' ಒತ್ತಿದಾಳೆ ಅಂತ."

"ಅಂದೆ. ಏನೀಗ?"

"ಕೀಲಿಮಣಿ ನೋಡಿರೋ ಪೆಟ್ಟಿಗೆಯಲ್ಲಿ ಎರೇಸ್, ಕ್ಯಾನ್ಸಲ್ ಅಂತ ಇದೆ. ಹೌದು ಅನ್ನೋ ಗುಂಡಿನೇ ಇಲ್ಲ. ಹೌದು ಇರೋದು ಕನ್ನಡದ ಪೆಟ್ಟಿಗೆಯಲ್ಲಿ. ಅದನ್ನ ಅವಳು ಜನ್ಮದಲ್ಲಿ ನೋಡಿಲ್ಲ. ಗುಡುಗಣ್ಣನ್ನ ಕೇಳಿದ್ರೆ ಪೆಟ್ಟಿಗೆ ಯಾಕೆ ಮಾತಾಡುತ್ತೆ ಅಂದ. ಮಾವನಿಗೆ ಜೊತೆಗಾರ ಯಾರು ಅಂತಾನೇ ಗೊತ್ತಿಲ್ಲ. ಮೊಬೈಲ್‌ನಲ್ಲೂ ಕನ್ನಡವೇ ಬೇಕು ಅನ್ನೋರು, ಬಾವುಟದ ಗುಂಡಿ ಹುಡುಕಿ ಒತ್ತೋರು, ಇಲ್ಲಿ ಒಬ್ಬರೇ."

ಅವಳು ಹಾಳೆಯನ್ನು ಮೇಲ್ಮುಖ ಮಾಡಿ ಯಜಮಾನರ ಕಡೆ ಸರಿಸಿದಳು.

"ಇದನ್ನ ಗಟ್ಟಿಯಾಗಿ ಓದ್ತೀರಾ?"

ಯಜಮಾನರು ಓದಲಿಲ್ಲ. ಹಾಳೆಯನ್ನು ಹಿಂದಕ್ಕೆ ತಳ್ಳಿದರು. ಕೀಲಿಮಣಿ ಬಗ್ಗಿ ಓದಿದಳು.

"'ಪ್ಲೇಯರ್‌ನಲ್ಲಿರುವ ಎಲ್ಲ ಹಾಡುಗಳನ್ನು ತೆಗೆಯಬೇಕೆ? ಹೌದು. ಬೇಡ.'"

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಮೊದಲು ಹೊಳೆದದ್ದು ಗುಡುಗಣ್ಣನಿಗೆ. "ತೆಗೆಯೋದು ಅಂದ್ರೆ... ಪೆಟ್ಟಿಗೆಯಿಂದ ಬಟ್ಟೆ ತೆಗೆದಂಗಾ, ಕಣ್ಣಿಂದ ಕಸ ತೆಗೆದಂಗಾ?"

ಯಜಮಾನರು ಸ್ಟೂಲಿನ ಮೇಲೆ ಕುಸಿದರು.

"ತೆಗೆಯೋಕೇ ತಾನೇ ನಾನು ಬಂದಿದ್ದು?" ಎಂದರು. ದನಿ ಹತ್ತು ವರ್ಷದ ಹುಡುಗನದ್ದಾಗಿತ್ತು. "ಒಂದು ಪ್ರತಿ ತೆಗೆದುಕೊಳ್ಳೋಣ ಅಂತ. ನನ್ನ ಅಕ್ಕನ ದನಿ. ಬಾಗಿಲ ಹಿಂದೆ ನಿಂತು ಆರು ವರ್ಷ ಕದ್ದು ಕೇಳಿದೀನಿ. ಎರಡು ಗಂಟೆ ಆ ದರಿದ್ರದವನ ಜೊತೆ ಗುದ್ದಾಡಿದೆ. ಕೊನೆಗೆ ಕೇಳ್ತು, ಎಲ್ಲ ಹಾಡು ತೆಗೆಯಬೇಕೆ? ಅಬ್ಬಾ, ಈಗಲಾದ್ರೂ ಅರ್ಥವಾಯ್ತಲ್ಲ ನಿನಗೆ ಅಂದ್ಕೊಂಡು 'ಹೌದು' ಒತ್ತಿದೆ. ಪಟ್ಟಿ ಖಾಲಿಯಾಯ್ತು. ಆಮೇಲೆ ಆ... ಆ ಸ್ವಾಗತ."

"ತಪ್ಪು ಒತ್ತಿದ್ದು ಅಪರಾಧ ಅಲ್ಲ," ಎಂದಳು ಕರಡಕ್ಕ. "ಹುಡುಗಿ ತಲೆಗೆ ಕಟ್ಟಿದ್ದು ಅಪರಾಧ."

"ಗೊತ್ತು." ಅವರು ಕೀಲಿಮಣಿಯ ಕಡೆ ನೋಡಲು ಪ್ರಯತ್ನಿಸಿ ಸೋತರು. "ಬೆಳಿಗ್ಗೆ ಅವರ ಮುಖ ನೋಡಿದೆ. ಬಾಯಿಗೆ ಬಂದ ಮೊದಲ ಹೆಸರು ಹೇಳ್ಬಿಟ್ಟೆ. ಕ್ಷಮಿಸಮ್ಮ."

"ಕ್ಷಮಿಸಿದೆ ಸರ್," ಎಂದಳು ಕೀಲಿಮಣಿ ಮೂಗೇರಿಸಿ. "ಆದ್ರೆ ಈ ಕಂಪ್ಯೂಟರ್ ಬದಲಾಯಿಸಿ. ಬದಲಾಯಿಸೋವರೆಗೂ ಅರ್ಧ ಕ್ಷಮೆ."

ಕರಡಕ್ಕ ನಗಲಿಲ್ಲ. ಹಾಳೆಯ ಮೂಲೆಯ ಮೇಲೆ ಬೆರಳಿಟ್ಟಳು.

"ಇನ್ನೊಬ್ಬ ಅಪರಾಧಿ ಇದಾರೆ. ಅಲ್ಲಿ 'ಅಳಿಸಬೇಕೆ' ಅಂತ ಇರಬೇಕಿತ್ತು. ಆಗ ಯಾರೂ 'ಹೌದು' ಒತ್ತುತ್ತಿರಲಿಲ್ಲ. ಕರಡು ನೋಡಿದವರು ಆ ಪದದ ಕೆಳಗೆ ಕೆಂಪು ಗೆರೆ ಎಳೀಬೇಕಿತ್ತು. ಎಳೆದಿಲ್ಲ. 'ಸರಿ ಇದೆ' ಅಂತ ಬರೆದು ಸಹಿ ಹಾಕಿದಾರೆ."

ಎಲ್ಲರೂ ಬಗ್ಗಿದರು. ಕೆಂಪು ಶಾಯಿ ಮ‌ಸುಕಾಗಿತ್ತು. ಸಹಿ ಮಾತ್ರ ಎಲ್ಲರಿಗೂ ದಿನಾ ನೋಡಿ ಗೊತ್ತಿದ್ದದ್ದೇ.

"ನೀನಾ?" ಎಂದ ಗುಡುಗಣ್ಣ. ಅದು ಪಿಸುಮಾತಾಗಿತ್ತು.

"ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಇದೇ ಮೇಜಲ್ಲಿ ಅವರು ಹಾಡ್ತಾ ಹಾಳೆ ಮಡಿಸ್ತಿದ್ರು. ನಾನು ಆ ಪುಟ ಓದ್ತಾ ಇದ್ದೆ. ಓದ್ತಾ ಇರ್ಲಿಲ್ಲ, ಕೇಳ್ತಾ ಇದ್ದೆ." ಕರಡಕ್ಕನ ಕಣ್ಣಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಅವಳು ಅದನ್ನು ಶಾಯಿ ಹೀರುವ ಕಾಗದದಿಂದ ಒತ್ತಿ ಒರೆಸಿದಳು. ಅಭ್ಯಾಸಬಲ.

ಮಾವ ಮಡಿಸುಪಟ್ಟಿ ಕೆಳಗಿಟ್ಟರು. ಆಮೇಲೆ ಬಾಯಿ ತೆರೆದರು. ಗೋಡೆಗಲ್ಲ, ನೇರ ಭಾವಮೈದುನನಿಗೆ.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?"

"ಕೇಳಿದ್ರೆ ಕೊಡ್ತಿದ್ರಾ, ಭಾವ?"

ಮಾವ ಸುಳ್ಳು ಹೇಳುವ ಮನುಷ್ಯನಲ್ಲ. ಯೋಚಿಸಿದರು.

"ಇಲ್ಲ," ಎಂದರು. "ಕೊಡ್ತಿರ್ಲಿಲ್ಲ."

ಇಬ್ಬರೂ ತಲೆ ತಗ್ಗಿಸಿದರು.

"ನೀವಿಬ್ರೂ ಆಮೇಲೆ ಅಳ್ಕೊಳ್ಳಿ," ಎಂದಳು ಕೀಲಿಮಣಿ. ಆಗಲೇ ಪ್ಲೇಯರನ್ನು ಕರವಸ್ತ್ರದಲ್ಲಿ ಸುತ್ತುತ್ತಿದ್ದಳು. "ಇದರ ಬ್ಯಾಟರಿ ಕೆಳಗೆ ಉಗುರಿನಷ್ಟು ಒಂದು ಕಾರ್ಡ್ ಇದೆ. ಅದನ್ನ ಹೊರಗೆ ಎಳೆದ್ರೆ ಜೊತೆಗಾರನ ಹಂಗೇ ಬೇಡ. ಹೋದ ತಿಂಗಳು ಇದನ್ನ ಬಿಚ್ಚೋ ಧೈರ್ಯ ಬರ್ಲಿಲ್ಲ ನಂಗೆ. ಬಸ್ ನಿಲ್ದಾಣದ ಹತ್ರ ಫೋನ್ ರಿಪೇರಿ ಮಾಡೋರು ಗೊತ್ತು ನಂಗೆ. ಯಾರು ಬರ್ತೀರಿ?"

ಇಬ್ಬರೂ ಎದ್ದರು.

* * *

ಗುರುವಾರ ಫಲಿತಾಂಶ ಬಂತು. ಮೂವತ್ತೊಂದು ಹಾಡು ಪೂರ್ತಿ ಸಿಕ್ಕಿದವು. ಆರು ಅರ್ಧ ಮಾತ್ರ. ಸ್ವಾಗತದವನು ಬಂದು ಕೂತ ಜಾಗದಲ್ಲಿದ್ದ ನಾಲ್ಕು ಹೋದವು, ಇನ್ನು ಬರುವುದಿಲ್ಲ. ಕೀಲಿಮಣಿ ಐದು ಕಡೆ ಪ್ರತಿ ಇಟ್ಟಳು. ಮಾವನ ಫೋನ್, ಯಜಮಾನರ ಫೋನ್, ಗುಡುಗಣ್ಣನ ಫೋನ್, ತನ್ನದು, ಕರಡಕ್ಕನದು. ಗುಡುಗಣ್ಣ ಬೇಡ ಬೇಡ ಎನ್ನುತ್ತಲೇ ಕೈ ಚಾಚಿದ.

ಹಾಡುಗಳನ್ನು ಬರೆದೂ ಇಡೋಣ ಎಂದದ್ದು ಯಜಮಾನರು. ಇನ್ನು ಯಾವ ಯಂತ್ರವನ್ನೂ ಅವರು ನಂಬುವುದಿಲ್ಲವಂತೆ, ಕಾಗದವನ್ನು ಬಿಟ್ಟು. ಆ ಮಧ್ಯಾಹ್ನ ಎಲ್ಲರೂ ಮಡಿಸುವ ಮೇಜಿನ ಸುತ್ತ ಕೂತರು. ಕರಡಕ್ಕ ಬರೆಯುವುದು, ಕೀಲಿಮಣಿ ಟೈಪ್ ಮಾಡುವುದು.

ಅರ್ಧ ಉಳಿದ ಹಾಡುಗಳಲ್ಲಿ ಮೂರನೆಯದು. ಹಿನ್ನೆಲೆಯಲ್ಲಿ ಮೆಷಿನ್, ಕಾಗದದ ಸರಸರ. ಆಮೇಲೆ ಆಕೆ, ಸ್ವಲ್ಪ ನೆಗಡಿಯ ದನಿಯಲ್ಲಿ:

"ಒಂದನೆ ಮಡಿಕೆ ಅಂಗಳಕೆ, ಎರಡನೆ ಮಡಿಕೆ ತಿಂಗಳಿಗೆ, ಮೂರನೆ ಮಡಿಕೆ ತಮ್ಮನಿಗೆ, ನಾಲ್ಕನೆ ಮಡಿಕೆ—"

ಕರ್ರ್. ಅಷ್ಟೇ.

"ನಿದ್ದೆಗೆ," ಎಂದರು ಯಜಮಾನರು ತಕ್ಷಣ. "ನಾಲ್ಕನೆ ಮಡಿಕೆ ನಿದ್ದೆಗೆ. ನಾನು ಚಿಕ್ಕವನಿದ್ದಾಗ ಹೊದಿಕೆ ಮಡಿಸ್ತಾ ಹಾಡ್ತಿದ್ಳು. ನಿದ್ದೆಗೆ ಅನ್ನೋಷ್ಟರಲ್ಲಿ ನಾನು ಮಲಗಿರಬೇಕು. ಅದು ನಿಯಮ."

"ಇಲ್ಲಿ ಹಾಗೆ ಹಾಡ್ತಿರ್ಲಿಲ್ಲ," ಎಂದರು ಮಾವ.

"ಭಾವ, ನನಗೆ ಗೊತ್ತಿಲ್ವಾ? ನನ್ನ ಅಕ್ಕ!"

"ನಿನ್ನ ಅಕ್ಕನೇ. ಆದ್ರೆ ನಿದ್ದೆಗೆ ಅಲ್ಲ."

"ಮತ್ತೇನು?"

ಮಾವ ಮಡಿಸುಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ಕೆಂಪಾಯಿತು.

"'ನಮ್ಮವರಿಗೆ' ಅಂತಿದ್ಳು."

"ಓಹೋಹೋ!" ಎಂದು ಗುಡುಗಣ್ಣ ಮೇಜು ಅದುರುವಂತೆ ಗುಡುಗಿದ. ಕೀಲಿಮಣಿ ಕೀಲಿಮಣೆಯ ಮೇಲೆ ತಲೆಯಿಟ್ಟು ನಕ್ಕಳು. ಯಜಮಾನರು ಭಾವನ ಮುಖವನ್ನೇ ನೋಡಿದರು, ಇಷ್ಟು ವರ್ಷ ನೋಡಿಯೇ ಇಲ್ಲದವರ ಹಾಗೆ. ಆಮೇಲೆ ಅವರೂ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

"ಅಕ್ಕ, ಹೇಳಿ," ಎಂದಳು ಕೀಲಿಮಣಿ. "ಯಾವುದು ಸರಿ? ಯಾವುದನ್ನ ಟೈಪ್ ಮಾಡ್ಲಿ?"

ಕರಡಕ್ಕ ಕೆಂಪು ಪೆನ್ನು ಹಿಡಿದು ಎರಡೂ ಸಾಲುಗಳನ್ನು ನೋಡಿದಳು. ನಿದ್ದೆಗೆ. ನಮ್ಮವರಿಗೆ. ಪೆನ್ನಿಗೆ ಮುಚ್ಚಳ ಹಾಕಿದಳು.

"ಎರಡನ್ನೂ," ಎಂದಳು. "ಒಂದರ ಕೆಳಗೆ ಒಂದು."